ಹಸಿರು ದೀಪದ ಮನೆಯಲ್ಲಿ ನಾಯಿಯದೇ ಕಾರುಬಾರು

ನಮ್ಮ ದೊಡ್ಡಪ್ಪ ರೈಲ್ವೆ ಗೇಟ್‌ಮನ್ ಆಗಿದ್ದರು. ಅರಸೀಕೆರೆ ಕಡೆ, ಊರಿಂದ ಸ್ವಲ್ಪ ಆಚೆ, ಹೊಲಗಳ ಮಧ್ಯೆ ಅವರ ಗೇಟು. ಗೂಡಿನಂಥ ಒಂದು ಕೋಣೆ, ಪಕ್ಕದಲ್ಲಿ ಬೇವಿನ ಮರ, ಗೋಡೆಗೆ ಸಿಕ್ಕಿಸಿದ ಕೆಂಪು-ಹಸಿರು ಬಾವುಟ, ರಾತ್ರಿ ಪಾಳಿಗೆ ಅಂತ ಒಂದು ಸೀಮೆಎಣ್ಣೆ ಕೈದೀಪ. ಆ ದೀಪದೊಳಗೆ ಬಣ್ಣದ ಗಾಜು ತಿರುಗುತ್ತಿತ್ತು. ಒಂದು ಕಡೆ ತಿರುಗಿಸಿದರೆ ಕೆಂಪು, ಇನ್ನೊಂದು ಕಡೆ ಹಸಿರು. ಬೇಸಿಗೆ ರಜೆಯಲ್ಲಿ ದೊಡ್ಡಪ್ಪನ ಜೊತೆ ಅಲ್ಲೇ ಮಲಗುತ್ತಿದ್ದ ನನಗೆ ಜಗತ್ತಿನ ಅತಿ ದೊಡ್ಡ ಅಧಿಕಾರ ಅಂದ್ರೆ ಅದೇ. ಒಬ್ಬ ಬಡಕಲು ಮನುಷ್ಯ ಹಸಿರು ದೀಪ ಆಡಿಸಿದರೆ ಅಷ್ಟು ದೊಡ್ಡ ರೈಲು ಧೈರ್ಯವಾಗಿ ಮುಂದೆ ಹೋಗುತ್ತೆ!

ಅಲ್ಲೊಂದು ನಾಯಿಯೂ ಇತ್ತು. ಹೆಸರು ರಾಜ. ಯಾರೂ ತಂದು ಸಾಕಿದ್ದಲ್ಲ, ಎಲ್ಲಿಂದಲೋ ಬಂದು ಸೇರಿಕೊಂಡಿದ್ದು. ರೈಲು ಬರುವ ಹೊತ್ತಿಗೆ ಸರಿಯಾಗಿ ದೊಡ್ಡಪ್ಪನ ಪಕ್ಕ ನೆಟ್ಟಗೆ ಕೂರುತ್ತಿತ್ತು. ಪ್ಯಾಸೆಂಜರ್ ಗಾಡಿಯ ಮಕ್ಕಳು ಕಿಟಕಿಯಿಂದ ಅದಕ್ಕೆ ಕೈ ಬೀಸುತ್ತಿದ್ದರು, ಬಿಸ್ಕತ್ತು ಎಸೆಯುತ್ತಿದ್ದರು. ದೊಡ್ಡಪ್ಪನಿಗೆ ಯಾರೂ ಕೈ ಬೀಸಿದ್ದು ನನಗೆ ನೆನಪಿಲ್ಲ. ಮೊದಮೊದಲು ದೊಡ್ಡಪ್ಪನ ಹೆಸರು ಹಿಡಿದು ಕರೆಯುತ್ತಿದ್ದ ಗೇಟು ಒಂದೆರಡು ವರ್ಷದಲ್ಲೇ ‘ನಾಯಿ ಗೇಟು’ ಆಯ್ತು. ಬಸ್ ಕಂಡಕ್ಟರ್ ಕೂಡ "ನಾಯಿ ಗೇಟು ಯಾರ‍್ರೀ, ಬೇಗ ಇಳೀರಿ" ಅಂತಲೇ ಕೂಗುತ್ತಿದ್ದ.

ಇದೆಲ್ಲ ಈಗ ಯಾಕೆ ನೆನಪಾಯ್ತು ಅಂದ್ರೆ, ಕೆಲವು ವರ್ಷಗಳ ಹಿಂದೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಅಮೆರಿಕದ ಕಾಮಿಕ್ಸ್ ಇತಿಹಾಸದ ಪುಸ್ತಕವೊಂದು ಕೈಗೆ ಸಿಕ್ಕಿತು. ಅದರಲ್ಲಿ ನಮ್ಮ ನಾಯಿ ಗೇಟಿನ ಕಥೆಯೇ ಇತ್ತು! ರೈಲು, ಹಸಿರು ದೀಪ, ಕೊನೆಗೆ ಎಲ್ಲವನ್ನೂ ತನ್ನದಾಗಿಸಿಕೊಂಡ ಒಂದು ನಾಯಿ. ಗ್ರೀನ್ ಲ್ಯಾಂಟರ್ನ್ ಹೆಸರನ್ನು ನೀವು ಕೇಳಿರುತ್ತೀರಿ. 2011ರಲ್ಲಿ ಬಂದ ಸಿನಿಮಾ ನೋಡಿ ಬೈದುಕೊಂಡವರೂ ಇರಬಹುದು. ನಾನು ಹೇಳುತ್ತಿರುವುದು ಆ ಗ್ರೀನ್ ಲ್ಯಾಂಟರ್ನ್ ಕಥೆಯಲ್ಲ, ಅವನಿಗಿಂತ ಮುಂಚೆ ಇದ್ದವನದ್ದು.

1940ರ ಜನವರಿ, ನ್ಯೂಯಾರ್ಕ್. ಮಾರ್ಟಿನ್ ನೋಡೆಲ್ ಅನ್ನೋ 24 ವರ್ಷದ ಚಿತ್ರಕಾರನೊಬ್ಬ ಕೆಲಸ ಹುಡುಕುತ್ತಿದ್ದ. ಎರಡು ವರ್ಷ ಹಿಂದಷ್ಟೇ ಸೂಪರ್‌ಮ್ಯಾನ್ ಬಂದಿದ್ದ, ಒಂದು ವರ್ಷ ಹಿಂದೆ ಬ್ಯಾಟ್‌ಮ್ಯಾನ್. ಎಲ್ಲ ಪ್ರಕಾಶಕರಿಗೂ ಅಂಥದ್ದೇ ಇನ್ನೊಬ್ಬ ಬೇಕಾಗಿತ್ತು. ಆಲ್-ಅಮೆರಿಕನ್ ಅನ್ನೋ ಸಂಸ್ಥೆಯ ಸಂಪಾದಕ ಶೆಲ್ಡನ್ ಮೇಯರ್, "ಹೊಸ ಹೀರೋ ಇದ್ದರೆ ತಗೊಂಡು ಬಾ" ಅನ್ನೋ ಅರ್ಥದ ಮಾತು ಹೇಳಿ ಕಳಿಸಿದ. ನೋಡೆಲ್ ಮನೆಗೆ ಹೋಗಲು ಸಬ್‌ವೇ ಸ್ಟೇಷನ್ನಿಗೆ ಬಂದ. ಕತ್ತಲ ಹಳಿಯ ಮೇಲೆ ರೈಲಿನ ಕೆಲಸದವನೊಬ್ಬ ದೀಪ ಆಡಿಸುತ್ತಿದ್ದ. ಹಳಿಯಲ್ಲಿ ತೊಂದರೆ ಇದ್ದರೆ ಕೆಂಪು, ಸರಿಯಿದ್ದರೆ ಹಸಿರು. ನೋಡೆಲ್‌ಗೆ ಹೀರೋನ ಹೆಸರು ಅಲ್ಲೇ ಸಿಕ್ಕಿತು. ಇದಕ್ಕೆ ವಾಗ್ನರ್‌ನ ಒಪೆರಾದಿಂದ ಒಂದು ಉಂಗುರ, ಚೀನಾದ ಕಡೆಯಿಂದ ಒಂದಿಷ್ಟು ಮಂತ್ರ-ಮಾಯ ಸೇರಿಸಿದ. ಸೂಪರ್‌ಹೀರೋ ರೆಡಿ.

ಕಥೆ ಬರೆದದ್ದು ಬಿಲ್ ಫಿಂಗರ್. ಬ್ಯಾಟ್‌ಮ್ಯಾನ್‌ನನ್ನು ರೂಪಿಸಿದವರಲ್ಲಿ ಒಬ್ಬ, ಆದರೆ ಅಲ್ಲಿ ಅವನ ಹೆಸರೇ ಇರಲಿಲ್ಲ. ಹೀರೋಗೆ ‘ಅಲನ್ ಲ್ಯಾಡ್’ ಅಂತ ಹೆಸರಿಡೋಣ, ಅಲ್ಲಾದೀನ ಮತ್ತು ದೀಪ ನೆನಪಾಗುತ್ತೆ ಅಂದನಂತೆ. ಇಂಥ ಹೆಸರನ್ನ ಯಾರು ನಂಬ್ತಾರೆ ಅಂತ ಅದನ್ನು ಬಿಟ್ಟು ‘ಅಲನ್ ಸ್ಕಾಟ್’ ಅಂತ ಇಟ್ಟರು. ತಮಾಷೆ ಅಂದ್ರೆ, ಎರಡೇ ವರ್ಷದಲ್ಲಿ ಅಲನ್ ಲ್ಯಾಡ್ ಅನ್ನೋ ನಟ ಹಾಲಿವುಡ್‌ನಲ್ಲಿ ದೊಡ್ಡ ಸ್ಟಾರ್ ಆಗಿಬಿಟ್ಟ.

1940ರ ಜುಲೈ ತಿಂಗಳ ‘ಆಲ್-ಅಮೆರಿಕನ್ ಕಾಮಿಕ್ಸ್’ 16ನೇ ಸಂಚಿಕೆಯಲ್ಲಿ ಈ ಅಲನ್ ಸ್ಕಾಟ್ ಬಂದ. ಅವನು ರೈಲ್ವೆ ಎಂಜಿನಿಯರ್. ಸೇತುವೆ ಸ್ಫೋಟಗೊಂಡು ರೈಲು ಉರುಳುತ್ತೆ, ಎಲ್ಲರೂ ಸಾಯುತ್ತಾರೆ, ಕೈಯಲ್ಲೊಂದು ಹಳೇ ಹಸಿರು ಲಾಟೀನು ಹಿಡಿದಿದ್ದ ಇವನೊಬ್ಬ ಉಳಿಯುತ್ತಾನೆ. ಲಾಟೀನು ಮಾತಾಡುತ್ತೆ, ನನ್ನ ಲೋಹದಿಂದ ಉಂಗುರ ಮಾಡಿಕೋ ಅನ್ನುತ್ತೆ. ಆ ಉಂಗುರವನ್ನು ದಿನಕ್ಕೊಮ್ಮೆ ಲಾಟೀನಿಗೆ ಮುಟ್ಟಿಸಬೇಕು, ನಾವು ಮೊಬೈಲ್ ಚಾರ್ಜ್‌ಗೆ ಹಾಕೋ ಹಾಗೆ. ಗುಂಡು, ಕತ್ತಿ ಯಾವುದೂ ಅವನನ್ನು ಏನೂ ಮಾಡಲಾರದು. ಮರದ ಮುಂದೆ ಮಾತ್ರ ಆಟ ನಡೆಯಲ್ಲ. ಕಟ್ಟಿಗೆಯಿಂದ ತಲೆಗೊಂದು ಬಿಟ್ಟರೆ ಹೀರೋ ಅಡ್ಡಡ್ಡ. ಹೆಸರು ಹಸಿರು ದೀಪ, ಹಾಕಿಕೊಂಡಿದ್ದು ಮಾತ್ರ ಕಡುಗೆಂಪು ಅಂಗಿ! ನಮ್ಮ ದೊಡ್ಡಪ್ಪ ನೋಡಿದ್ದರೆ "ರೈಲು ನಿಲ್ಬೇಕೋ ಹೋಗ್ಬೇಕೋ, ಒಂದು ಹೇಳಪ್ಪ" ಅನ್ನುತ್ತಿದ್ದರು.

ಇರಲಿ, ಜನಕ್ಕೆ ಇಷ್ಟವಾಯ್ತು. 1941ರಲ್ಲಿ ಅವನ ಹೆಸರಲ್ಲೇ ಪ್ರತ್ಯೇಕ ಪತ್ರಿಕೆ ಶುರುವಾಯ್ತು. ಅದೇ ವರ್ಷ ಅವನ ಜೊತೆಗೆ ಡಾಯ್ಬಿ ಡಿಕಲ್ಸ್ ಅನ್ನೋ ಕುಳ್ಳ, ಗುಂಡಗಿನ ಟ್ಯಾಕ್ಸಿ ಡ್ರೈವರ್ ಬಂದ. ಅವನ ಟ್ಯಾಕ್ಸಿಗೂ ಒಂದು ಹೆಸರಿತ್ತು, ಗಾಯ್ಟ್ರೂಡ್. ಬಾಯಿ ತೆರೆದರೆ ಬ್ರೂಕ್ಲಿನ್ ಬೀದಿಯ ಭಾಷೆ. ನಮ್ಮ ನಾಟಕಗಳಲ್ಲಿ ರಾಜನ ಪಕ್ಕ ಹಾಸ್ಯಗಾರ ಇರ್ತಾನಲ್ಲ, ಅದೇ ಪಾತ್ರ. ಆದರೆ ಹಾಸ್ಯಗಾರ ತನ್ನ ಜಾಗದಲ್ಲೇ ಇದ್ದ, ರಾಜ ತನ್ನ ಜಾಗದಲ್ಲಿ. ಯುದ್ಧದ ವರ್ಷಗಳು ಹೀಗೇ ಕಳೆದವು. ಆಗ ಸೂಪರ್‌ಹೀರೋಗಳಿಗೆ ಕೈತುಂಬ ಕೆಲಸವಿತ್ತು, ಎದುರಾಳಿ ಯಾರು ಅನ್ನೋದು ಎಲ್ಲರಿಗೂ ಗೊತ್ತಿತ್ತು. ಮನೆಯಲ್ಲಿ ಮಕ್ಕಳು, ಸೇನಾ ಶಿಬಿರಗಳಲ್ಲಿ ಸೈನಿಕರು, ಎಲ್ಲರೂ ಕಾಮಿಕ್ಸ್ ಓದುತ್ತಿದ್ದರು.

1945ರಲ್ಲಿ ಯುದ್ಧ ಮುಗಿಯಿತು. ಹೀರೋಗಳ ಕಷ್ಟ ಶುರುವಾಗಿದ್ದೇ ಆಗ. ಹಿಟ್ಲರ್‌ನ ಕಾಲದಲ್ಲಿ ಬೆಳೆದ ಸೂಪರ್‌ಹೀರೋ ಈಗ ಬ್ಯಾಂಕ್ ದೋಚುವ ಕಳ್ಳನನ್ನು ಹಿಡಿದರೆ ಯಾರಿಗೆ ರೋಮಾಂಚನ? ಮನೆಗೆ ಮರಳಿದ ಸೈನಿಕರಿಗೆ, ದೊಡ್ಡವರಾದ ಹುಡುಗರಿಗೆ ಬೇರೆ ರುಚಿ ಬೇಕಾಯ್ತು. ಅಪರಾಧದ ಕಥೆಗಳು ಬಂದವು, ಕೌಬಾಯ್‌ಗಳು ಬಂದರು, 1947ರಲ್ಲಿ ‘ಯಂಗ್ ರೊಮ್ಯಾನ್ಸ್’ ಬಂದು ಪ್ರೇಮಕಥೆಗಳ ಕಾಮಿಕ್ಸೇ ಒಂದು ದೊಡ್ಡ ವ್ಯಾಪಾರವಾಯ್ತು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ನೋಡೆಲ್ ಕೂಡ ಗ್ರೀನ್ ಲ್ಯಾಂಟರ್ನ್ ಬಿಟ್ಟು ಟೈಮ್ಲಿ ಅನ್ನೋ ಸಂಸ್ಥೆಗೆ ಹೋದ. ಮುಂದೆ ಮಾರ್ವೆಲ್ ಆಗಿದ್ದು ಅದೇ ಟೈಮ್ಲಿ. ಹೀರೋ ಮಾತ್ರ ಹಳೇ ಕಂಪನಿಯಲ್ಲೇ ಉಳಿದ, ಯಾಕಂದ್ರೆ ಅವನು ಕಂಪನಿಯ ಆಸ್ತಿ.

ಈಗ ನಾಯಿ ಬರುತ್ತೆ.

1948ರ ಫೆಬ್ರುವರಿ-ಮಾರ್ಚ್, ‘ಗ್ರೀನ್ ಲ್ಯಾಂಟರ್ನ್’ 30ನೇ ಸಂಚಿಕೆ. ನಾಯಿಯ ಹೆಸರು ಸ್ಟ್ರೀಕ್, ಬಿರುದು ‘ದಿ ವಂಡರ್ ಡಾಗ್’. ಬರೆದವನು ರಾಬರ್ಟ್ ಕ್ಯಾನಿಗರ್, ರೂಪ ಕೊಟ್ಟವನು ಅಲೆಕ್ಸ್ ಟೋತ್. ಟೋತ್‌ಗೆ ಆಗ 19 ವರ್ಷ. ಸ್ಟ್ರೀಕ್‌ಗೆ ಯಾವ ಮಾಯಾಶಕ್ತಿಯೂ ಇಲ್ಲ. ಉಂಗುರ ಇಲ್ಲ, ಲಾಟೀನು ಇಲ್ಲ, ಚಾರ್ಜ್ ಮಾಡುವ ತಾಪತ್ರಯ ಇಲ್ಲ. ಬುದ್ಧಿವಂತ, ಧೈರ್ಯದ ನಾಯಿ, ಅಷ್ಟೇ. ಅಮೆರಿಕದಲ್ಲಿ ಆಗ ನಾಯಿಗಳಿಗೆ ಒಳ್ಳೇ ಕಾಲ. ರಿನ್ ಟಿನ್ ಟಿನ್‌ನ ಹಳೇ ಸಿನಿಮಾಗಳ ನೆನಪು ಇನ್ನೂ ಇತ್ತು. ಯುದ್ಧದಲ್ಲಿ ಜನ ತಮ್ಮ ಮನೆ ನಾಯಿಗಳನ್ನೇ ಸೇನೆಗೆ ಕೊಟ್ಟಿದ್ದರು. 1943ರಲ್ಲಿ ‘ಲ್ಯಾಸಿ ಕಮ್ ಹೋಮ್’ ಬಂದು ಎಲ್ಲರನ್ನೂ ಅಳಿಸಿತ್ತು. ಹಾಗಾಗಿ ಸ್ಟ್ರೀಕ್ ಬಂದದ್ದು ವಿಚಿತ್ರವೇನಲ್ಲ. ಆಮೇಲೆ ನಡೆದದ್ದು ವಿಚಿತ್ರ. ನಾಯಿಗೆ ಅಂತಲೇ ಬೇರೆ ಕಥೆ ಶುರುವಾಯ್ತು. ಪತ್ರಿಕೆಯ ಮುಖಪುಟಕ್ಕೂ ನಾಯಿ ಬಂತು. ಮೇಲೆ ದೊಡ್ಡಕ್ಷರದಲ್ಲಿ ‘ಗ್ರೀನ್ ಲ್ಯಾಂಟರ್ನ್’ ಅನ್ನೋ ಬೋರ್ಡು, ಕೆಳಗೆ ಪರಾಕ್ರಮ ತೋರಿಸುತ್ತಿರುವುದು ನಾಯಿ!

ಇದನ್ನು ಮೊದಲು ಓದಿದಾಗ ನಾನು ಜೋರಾಗಿ ನಕ್ಕೆ. ಮತ್ತೆ ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ನಗು ಸ್ವಲ್ಪ ಕಮ್ಮಿಯಾಯ್ತು. ಇದು ಒಂದು ನಾಯಿಯ ಕಥೆಯಾಗಿರಲಿಲ್ಲ, ಆ ಇಡೀ ವರ್ಷ ಅದೇ ನಡೆಯುತ್ತಿತ್ತು.

ಅದೇ ಸಂಸ್ಥೆಯ ‘ಫ್ಲ್ಯಾಶ್ ಕಾಮಿಕ್ಸ್’ನಲ್ಲಿ ಜಾನಿ ಥಂಡರ್ ಅನ್ನೋ ಪೆದ್ದು ಹೀರೋನ ಕಥೆ ವರ್ಷಗಳಿಂದ ಬರುತ್ತಿತ್ತು. 1947ರ ಆಗಸ್ಟ್‌ನಲ್ಲಿ ಅವನ ಕಥೆಯೊಳಗೆ ಬ್ಲ್ಯಾಕ್ ಕೆನರಿ ಅನ್ನೋ ಹೆಂಗಸು ಬಂದಳು. ಬರೆದವನು ಇದೇ ಕ್ಯಾನಿಗರ್, ಚಿತ್ರ ಕಾರ್ಮೈನ್ ಇನ್‌ಫಾಂಟಿನೊನದ್ದು. 1948ರ ಫೆಬ್ರುವರಿ ಹೊತ್ತಿಗೆ ಜಾನಿ ಮನೆಗೆ ಹೋದ, ಅವನ ಪುಟಗಳು ಅವಳದ್ದಾದವು. ಅದೇ 1948ರಲ್ಲಿ ‘ಸ್ಟಾರ್ ಸ್ಪ್ಯಾಂಗಲ್ಡ್ ಕಾಮಿಕ್ಸ್’ನಲ್ಲಿ ಸ್ಟಾರ್-ಸ್ಪ್ಯಾಂಗಲ್ಡ್ ಕಿಡ್ ಅನ್ನೋ ಹುಡುಗನಿಗೆ ಮೆರಿ ಅಂತ ಒಬ್ಬ ತಂಗಿ ಬಂದಳು. ಕೆಲವೇ ತಿಂಗಳಲ್ಲಿ ಅಣ್ಣ ಮಾಯ, ತಂಗಿಯದೇ ಕಥೆ. ಟೈಮ್ಲಿಯಲ್ಲಂತೂ ಕ್ಯಾಪ್ಟನ್ ಅಮೆರಿಕಾನ ಪತ್ರಿಕೆಗೆ ದೆವ್ವದ ಕಥೆಗಳನ್ನು ತುಂಬಿ, 1950ರ ಕೊನೇ ಸಂಚಿಕೆಯಲ್ಲಿ ಹೆಸರು ಮಾತ್ರ ಅವನದ್ದು ಇಟ್ಟು ಅವನನ್ನೇ ಕೈಬಿಟ್ಟರು.

ಅಂದ್ರೆ ಪ್ರಕಾಶಕರು ಒಬ್ಬ ಹೀರೋನನ್ನು ಕೆಳಗಿಳಿಸಿ ಇನ್ನೊಬ್ಬರನ್ನು ಮೆರೆಸಬೇಕು ಅಂತ ಹೊರಟವರಲ್ಲ. ದೋಣಿಗೆ ನೀರು ನುಗ್ಗುತ್ತಿತ್ತು, ಕೈಗೆ ಸಿಕ್ಕಿದ್ದನ್ನು ತೂತಿಗೆ ತುರುಕುತ್ತಿದ್ದರು. ನಾಯಿ ಬಂದಿದ್ದರಿಂದ ಗ್ರೀನ್ ಲ್ಯಾಂಟರ್ನ್ ಮುಳುಗಲಿಲ್ಲ. ಅವನು ಮುಳುಗುತ್ತಿದ್ದ, ಅದಕ್ಕೇ ನಾಯಿ ಬಂತು.

ಫಲಿತಾಂಶ? 1948ರ ನವೆಂಬರ್‌ನಲ್ಲಿ ‘ಆಲ್-ಅಮೆರಿಕನ್ ಕಾಮಿಕ್ಸ್’ ಹೆಸರು ಬದಲಿಸಿಕೊಂಡು ‘ಆಲ್-ಅಮೆರಿಕನ್ ವೆಸ್ಟರ್ನ್’ ಆಯ್ತು. ಗ್ರೀನ್ ಲ್ಯಾಂಟರ್ನ್ ಹುಟ್ಟಿದ ಮನೆ ಕೌಬಾಯ್‌ಗಳ ಪಾಲಾಯ್ತು. ಅವನ ಸ್ವಂತ ಪತ್ರಿಕೆ 1949ರ ಮೇ-ಜೂನ್‌ನಲ್ಲಿ 38ನೇ ಸಂಚಿಕೆಗೆ ನಿಂತಿತು. ಸ್ಟ್ರೀಕ್ ಬಂದಿದ್ದು 30ಕ್ಕೆ, ಪತ್ರಿಕೆ ಮುಗಿದಿದ್ದು 38ಕ್ಕೆ. ಒಂಬತ್ತು ಸಂಚಿಕೆಯ ದರ್ಬಾರು. ಹೀರೋ ಹೋದ, ಅವನ ಜೊತೆ ನಾಯಿಯೂ ಹೋಯ್ತು.

ಬ್ಲ್ಯಾಕ್ ಕೆನರಿ ಮಾತ್ರ ಇವತ್ತಿಗೂ ಇದ್ದಾಳೆ. ಸಿನಿಮಾದಲ್ಲಿ, ಟಿವಿ ಸೀರಿಯಲ್‌ನಲ್ಲಿ ನೀವೇ ನೋಡಿರ್ತೀರಿ. ಒಂದೇ ಸಂಸ್ಥೆ, ಒಬ್ಬನೇ ಬರಹಗಾರ, ಒಂದೇ ಕಾಲ. ಅವಳು ಉಳಿದಳು, ನಾಯಿ ಯಾಕೆ ಉಳಿಯಲಿಲ್ಲ?

ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ಆಫೀಸಿನಲ್ಲಿ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಎಂಟು ತಿಂಗಳು ನಿದ್ದೆಗೆಟ್ಟು ಒಂದು ಡ್ಯಾಶ್‌ಬೋರ್ಡ್ ಕಟ್ಟಿದ್ದೆ. ಅದರ ಪಕ್ಕಕ್ಕೆ, ದಿನಾ ಬೆಳಿಗ್ಗೆ ಮುಖ್ಯ ಅಂಕಿಗಳನ್ನು ಮೇಲ್ ಮಾಡೋ ಒಂದು ಸಣ್ಣ ಸ್ಕ್ರಿಪ್ಟ್ ಕೂಡ ಬರೆದಿದ್ದೆ, ಒಂದು ಮಧ್ಯಾಹ್ನದ ಕೆಲಸ. ಜನ ಓದಿದ್ದು ಆ ಮೇಲ್ ಒಂದನ್ನೇ. ಡ್ಯಾಶ್‌ಬೋರ್ಡ್ ತೆರೆದು ನೋಡಿದವರಿಲ್ಲ. ವರ್ಷದ ಕೊನೆಗೆ ಖರ್ಚು ಕಮ್ಮಿ ಮಾಡೋಕೆ ಅಂತ ಡ್ಯಾಶ್‌ಬೋರ್ಡನ್ನು ಮುಚ್ಚಿದರು. ಮಾರನೇ ದಿನ ಮೇಲ್ ಬರಲಿಲ್ಲ! ಅಂಕಿಗಳು ಬರುತ್ತಿದ್ದುದು ಅದೇ ಡ್ಯಾಶ್‌ಬೋರ್ಡಿನ ಡೇಟಾಬೇಸ್‌ನಿಂದ ತಾನೇ? ಎಲ್ಲರಿಗೂ ಬೇಕಾಗಿದ್ದು ಆ ಮೇಲ್, ಆದರೆ ಅದಕ್ಕೆ ಸ್ವಂತ ಸರ್ವರ್ ಕೊಡಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಸ್ಟ್ರೀಕ್‌ಗೆ ಆಗಿದ್ದೂ ಅದೇ ಅಂತ ನನಗನ್ನಿಸುತ್ತೆ. ಅದನ್ನು ಬೇರೆಯವರ ಮನೆಯ ಜಗಲಿಯಲ್ಲಿ ಕೂರಿಸಿದರು, ಬಾಗಿಲ ಮೇಲಿನ ಹೆಸರು ಬದಲಿಸಲಿಲ್ಲ. ನಾಯಿಯ ಕಥೆ ಬೇಕಾದ ಹುಡುಗ ‘ಗ್ರೀನ್ ಲ್ಯಾಂಟರ್ನ್’ ಅನ್ನೋ ಪತ್ರಿಕೆಯನ್ನು ಯಾಕೆ ಎತ್ತಿಕೊಳ್ತಾನೆ? ಗ್ರೀನ್ ಲ್ಯಾಂಟರ್ನ್ ಬೇಕಾದವನಿಗೆ ಮುಖಪುಟದಲ್ಲಿ ನಾಯಿ ಕಂಡರೆ ಏನನ್ನಿಸುತ್ತೆ? ಬ್ಲ್ಯಾಕ್ ಕೆನರಿಗೆ ಹಾಗಾಗಲಿಲ್ಲ. ಜಾನಿಯ ಪುಟಗಳು ಅವಳಿಗೆ ಸಿಕ್ಕ ದಿನವೇ ಮೇಲಿನ ಹೆಸರೂ ಅವಳದ್ದಾಯ್ತು. ‘ಫ್ಲ್ಯಾಶ್ ಕಾಮಿಕ್ಸ್’ 1949ರಲ್ಲಿ ನಿಂತಾಗ ಆ ಹೆಸರನ್ನು ಕಟ್ಟಿಕೊಂಡು ಅವಳು ಬೇರೆ ಕಡೆ ಬದುಕಿಕೊಂಡಳು.

ಇದಕ್ಕೆ ಇನ್ನೊಂದು ಸಾಕ್ಷಿ ಇದೆ. ಲೆವ್ ಗ್ಲೀಸನ್ ಅನ್ನೋ ಪ್ರಕಾಶಕನ ‘ಡೇರ್‌ಡೆವಿಲ್’. ಈಗಿನ ಮಾರ್ವೆಲ್‌ನ ಕುರುಡು ವಕೀಲ ಅಲ್ಲ, ಅವನಿಗಿಂತ ಹಳಬ. 1942ರಲ್ಲಿ ಚಾರ್ಲ್ಸ್ ಬೀರೋ ಆ ಕಥೆಗೆ ನಾಲ್ಕು ಜನ ಬೀದಿ ಹುಡುಗರನ್ನು ತಂದ, ‘ಲಿಟಲ್ ವೈಸ್ ಗೈಸ್’ ಅಂತ. ತಂದು ಎರಡು ಸಂಚಿಕೆ ಕಳೆಯುವಷ್ಟರಲ್ಲಿ ಅವರಲ್ಲೊಬ್ಬನನ್ನು ಸಾಯಿಸಿಬಿಟ್ಟ. ಮಕ್ಕಳ ಕಾಮಿಕ್ಸ್‌ನಲ್ಲಿ ಒಂದು ಮಗು ಸಾಯುತ್ತೆ, ಮತ್ತೆ ಬದುಕಿ ಬರಲ್ಲ! ಆ ಹುಡುಗರಿಗೆ ಹಸಿವಿತ್ತು, ಜಗಳವಿತ್ತು, ಭಯವಿತ್ತು. ಹೀರೋ ಮೆಲ್ಲಗೆ ಪಕ್ಕಕ್ಕೆ ಸರಿದ, 1950ರ ಹೊತ್ತಿಗೆ ಪೂರ್ತಿ ಹೊರಟೇ ಹೋದ. ಪತ್ರಿಕೆ ಮಾತ್ರ 1956ರವರೆಗೆ ನಡೆಯಿತು. ಅಲ್ಲೂ ಬೋರ್ಡು ಹಳೇದೇ. ಆದರೆ ಡೇರ್‌ಡೆವಿಲ್ ಅಂದ್ರೆ ಭಂಡ ಧೈರ್ಯದವನು ಅಂತ ಅರ್ಥ. ಬೀದಿ ಹುಡುಗರ ಗುಂಪಿಗೂ ಆ ಬೋರ್ಡು ಒಪ್ಪುತ್ತೆ. ಬೀರೋ ಅವರನ್ನು ತೂತು ಮುಚ್ಚೋಕೆ ತಂದವನಲ್ಲ, ಏಳೆಂಟು ವರ್ಷ ಕೂತು ಬೆಳೆಸಿದ.

ಕ್ಯಾನಿಗರ್‌ಗೂ ಇದು ಅರ್ಥವಾಗಿರಬೇಕು. 1952ರಲ್ಲಿ ಅವನು ಮತ್ತು ಟೋತ್ ಸೇರಿ ಮತ್ತೊಂದು ನಾಯಿ ತಂದರು, ರೆಕ್ಸ್ ದಿ ವಂಡರ್ ಡಾಗ್. ಬಿರುದು ಅದೇ, ಶೌರ್ಯ ಅದೇ. ಒಂದೇ ವ್ಯತ್ಯಾಸ, ಈ ಸಲ ಪತ್ರಿಕೆಯ ಹೆಸರೇ ನಾಯಿಯದ್ದು. ರೆಕ್ಸ್ 46 ಸಂಚಿಕೆ ಬಾಳಿತು. ಹಸಿರು ದೀಪದವನ ಪತ್ರಿಕೆಗಿಂತ ಎಂಟು ಜಾಸ್ತಿ.

ಇಲ್ಲಿಂದ ಮುಂದಿನದ್ದು ನನಗೆ ತುಂಬ ಇಷ್ಟವಾದ ಭಾಗ. ರೆಕ್ಸ್‌ನ ಕಥೆಗಳ ಬಹುಪಾಲು ಚಿತ್ರ ಬರೆದವನು ಗಿಲ್ ಕೇನ್. 1959ರ ಕೊನೆಗೆ ರೆಕ್ಸ್ ಪತ್ರಿಕೆ ನಿಂತಿತು. ಅದೇ ವರ್ಷ ಸೆಪ್ಟೆಂಬರ್-ಅಕ್ಟೋಬರ್‌ನ ‘ಶೋಕೇಸ್’ 22ನೇ ಸಂಚಿಕೆಯಲ್ಲಿ ಗ್ರೀನ್ ಲ್ಯಾಂಟರ್ನ್ ವಾಪಸ್ ಬಂದ. ಹೊಸ ಮನುಷ್ಯ ಹ್ಯಾಲ್ ಜೋರ್ಡನ್. ರೈಲು ಇಲ್ಲ, ಈಗ ಅವನು ಟೆಸ್ಟ್ ಪೈಲಟ್. ಕೆಂಪಂಗಿ ಹೋಗಿ ಕೊನೆಗೂ ಹಸಿರು ಬಟ್ಟೆ ಬಂತು. ಬರೆದವನು ಜಾನ್ ಬ್ರೂಮ್, ಚಿತ್ರ ಗಿಲ್ ಕೇನ್. ಹತ್ತು ವರ್ಷ ಹಿಂದೆ ನಾಯಿಯೊಂದು ಆವರಿಸಿಕೊಂಡಿದ್ದ ಹೀರೋನನ್ನು ಮತ್ತೆ ನಿಲ್ಲಿಸಿದ್ದು ನಾಯಿ ಚಿತ್ರ ಬರೆದು ಪಳಗಿದ ಕೈ. ನೀವು ಸಿನಿಮಾದಲ್ಲಿ ನೋಡಿದ್ದು ಈ ಹ್ಯಾಲ್ ಜೋರ್ಡನ್‌ನನ್ನೇ.

ನೋಡೆಲ್ ಎಲ್ಲಿದ್ದ ಆಗ? ಅವನು ಕಾಮಿಕ್ಸನ್ನೇ ಬಿಟ್ಟು ಜಾಹೀರಾತಿಗೆ ಹೋಗಿ ಹತ್ತಿರ ಹತ್ತಿರ ಹತ್ತು ವರ್ಷವಾಗಿತ್ತು. 1965ರಲ್ಲಿ ಶಿಕಾಗೋದ ಲಿಯೋ ಬರ್ನೆಟ್ ಏಜೆನ್ಸಿಯಲ್ಲಿದ್ದಾಗ, ಹಿಟ್ಟಿನ ಮುದ್ದೆಯಂಥ ಒಂದು ಪುಟ್ಟ ಬಿಳಿ ಬೊಂಬೆಯನ್ನು ರೂಪಿಸಿದ ತಂಡದಲ್ಲಿ ಅವನೂ ಇದ್ದ. ಪಿಲ್ಸ್‌ಬರಿ ಡೋಬಾಯ್. ಗೋಧಿ ಹಿಟ್ಟಿನ ಪ್ಯಾಕೆಟ್ ಮೇಲೆ ಬಿಳಿ ಟೋಪಿ ಹಾಕ್ಕೊಂಡು ನಗುತ್ತಾ ನಿಂತಿರ್ತಾನಲ್ಲ, ಅವನೇ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ನಾನು ಎಷ್ಟು ಸಲ ಅವನ ಮುಖ ನೋಡಿದ್ದೀನೋ ಲೆಕ್ಕವಿಲ್ಲ. ಗ್ರೀನ್ ಲ್ಯಾಂಟರ್ನ್ ಹುಟ್ಟಿದ ಕೈಯೇ ಅದರ ಹಿಂದೂ ಇತ್ತು ಅಂತ ಯಾರಿಗೆ ಗೊತ್ತಿತ್ತು?

ನಾವು ಕೆಲಸಕ್ಕೆ ಸೇರುವ ದಿನ ಒಂದು ಕಾಗದಕ್ಕೆ ಸಹಿ ಹಾಕುತ್ತೀವಿ. ಇಲ್ಲಿ ಬರೆದ ಕೋಡೆಲ್ಲ ಕಂಪನಿಯದ್ದು ಅಂತ ಅದರಲ್ಲಿರುತ್ತೆ. ಓದದೇ ಸಹಿ ಹಾಕುತ್ತೀವಿ. ಡ್ಯಾಶ್‌ಬೋರ್ಡ್ ಮುಚ್ಚಿದ ದಿನ ನನಗೆ ಹೊಟ್ಟೆಯಲ್ಲಿ ಸಂಕಟವಾಗಿತ್ತು, ಯಾರೋ ನನ್ನ ಕೈಯಿಂದ ಏನೋ ಕಿತ್ತುಕೊಂಡ ಹಾಗೆ. ನೋಡೆಲ್‌ನ ಕಥೆ ಓದಿದ ಮೇಲೆ ಆ ಸಂಕಟ ಹೋಯ್ತು ಅಂತ ಸುಳ್ಳು ಹೇಳಲ್ಲ. ಬಿಲ್ ಫಿಂಗರ್‌ನನ್ನು ನೆನೆದರೆ ಅದು ಜಾಸ್ತಿಯೇ ಆಗುತ್ತೆ. ಬ್ಯಾಟ್‌ಮ್ಯಾನ್ ಜೊತೆ ಅವನ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ, ಅವನು ತೀರಿಕೊಂಡಿದ್ದು 1974ರಲ್ಲಿ. ಆದರೆ ನೋಡೆಲ್ ಬದುಕಿದ್ದಾಗಲೇ ಜನ ಅವನನ್ನು ಹುಡುಕಿಕೊಂಡು ಬಂದರು. ವಯಸ್ಸಾದ ಮೇಲೆ ಅವನು ಕಾಮಿಕ್ಸ್ ಸಮಾವೇಶಗಳಿಗೆ ಹೋಗಿ ಅಭಿಮಾನಿಗಳಿಗೆ ಗ್ರೀನ್ ಲ್ಯಾಂಟರ್ನ್ ಚಿತ್ರ ಬರೆದುಕೊಡುತ್ತಿದ್ದ. 2006ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡ.

ನಮ್ಮೂರಿನ ಆ ಗೇಟು ಈಗಿಲ್ಲ. ಹಳಿ ಕೆಳಗೆ ಅಂಡರ್‌ಪಾಸ್ ಆಗಿದೆ, ಮಳೆ ಬಂದರೆ ಅದರ ತುಂಬ ನೀರು. ರಾಜ ಸತ್ತು ಇಪ್ಪತ್ತು ವರ್ಷದ ಮೇಲಾಯ್ತು. ಹೋದ ಯುಗಾದಿಗೆ ಊರಿಗೆ ಹೋದಾಗ ದೊಡ್ಡಪ್ಪನನ್ನು ಕೇಳೇಬಿಟ್ಟೆ, "ಅಷ್ಟು ವರ್ಷ ಗೇಟು ಕಾದಿದ್ದು ನೀವು, ಹೆಸರು ನಾಯಿಗೆ ಹೋಯ್ತಲ್ಲ, ಬೇಜಾರಾಗ್ಲಿಲ್ವಾ ದೊಡ್ಡಪ್ಪ?"

ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ರಾತ್ರಿ ಪಾಳಿಲಿ ಒಂದೊಂದ್ಸಲ ಕಣ್ಣು ಎಳ್ಕೊಂಡು ಹೋಗೋದು ಕಣಪ್ಪ. ರೈಲಿನ ಸದ್ದು ನನಗಿಂತ ಮುಂಚೆ ಅದಕ್ಕೆ ಕೇಳೋದು. ಬಂದು ಕೈ ನೆಕ್ಕಿ ಎಬ್ಬಿಸೋದು. ಇದನ್ನ ಆಗ ಯಾರಿಗಾದ್ರೂ ಹೇಳಿದ್ರೆ ನನ್ ಕೆಲಸ ಹೋಗ್ತಿತ್ತು."

ವಾಪಸ್ ಬರುವಾಗ ಬಸ್ಸಿನಲ್ಲಿ ಕಂಡಕ್ಟರ್ ಹೊಸ ಹುಡುಗ. ಅವನು ಹುಟ್ಟುವ ಮುಂಚೆಯೇ ಆ ನಾಯಿ ಸತ್ತಿರಬೇಕು. ಅಂಡರ್‌ಪಾಸ್ ಹತ್ತಿರ ಬರುತ್ತಲೇ ಸೀಟಿ ಊದಿ, "ನಾಯಿ ಗೇಟು, ನಾಯಿ ಗೇಟು" ಅಂತ ಕೂಗಿದ. ಇಬ್ಬರು ಇಳಿದರು.